ಹಸಿರು ಶಾಯಿಯ ರುಜು

ಆ ಕೋರ್ಟಿನ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ವಕೀಲರು, ಗುಮಾಸ್ತರು, ಬಾಗಿಲು ಕಾಯುವ ಪೊಲೀಸಿನವನು, ಕೊನೆಗೆ ನ್ಯಾಯಾಧೀಶರೂ ಆಕೆಯನ್ನು ಕರೆಯುತ್ತಿದ್ದದ್ದು ಕಡತದಮ್ಮ ಎಂದೇ. ಗಡಿಯಾರ ರಿಪೇರಿ ಮಾಡುವ ಗಂಡನೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದ. ಆಕೆಗೆ ಅದರಿಂದ ಬೇಸರವೇನೂ ಇರಲಿಲ್ಲ. ಒಳಗೊಳಗೆ ಹೆಮ್ಮೆಯೇ ಇತ್ತು ಅನ್ನಿ.

ಕೊಲೆ, ಸುಲಿಗೆ, ಆಸ್ತಿ ಜಗಳ ಯಾವುದೂ ಆ ಕೋರ್ಟಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಅಲ್ಲಿಗೆ ಬರುತ್ತಿದ್ದದ್ದು ಬರೀ ರಸ್ತೆಯ ತಪ್ಪುಗಳು. ಕೆಂಪು ದೀಪ ದಾಟಿದವರು, ನಿಲ್ಲಿಸಬಾರದ ಕಡೆ ಗಾಡಿ ನಿಲ್ಲಿಸಿದವರು, ಒಂದು ಕಡೆಯಿಂದ ಮಾತ್ರ ಹೋಗಬೇಕಾದ ಬೀದಿಯಲ್ಲಿ ಇನ್ನೊಂದು ಕಡೆಯಿಂದ ನುಗ್ಗಿ, ಬೋರ್ಡು ಕಾಣಿಸಲೇ ಇಲ್ಲ ಸ್ವಾಮಿ ಎನ್ನುವವರು. ಪೊಲೀಸರು ದಂಡದ ಚೀಟಿ ಬರೆದು, ಇನ್ನು ಹದಿನೈದು ದಿನಕ್ಕೆ ಕೋರ್ಟಿಗೆ ಬಾ ಎನ್ನುತ್ತಾರೆ. ಬಂದವನು ತಪ್ಪು ಒಪ್ಪಿ ದಂಡ ಕಟ್ಟಿದರೆ ಗುಮಾಸ್ತ ಕೋರ್ಟಿನ ಪ್ರತಿಯ ಹಿಂದೆ ರುಜು ಹಾಕಿ, ತಾರೀಖಿನ ಮುದ್ರೆ ಒತ್ತುತ್ತಾನೆ. ಸಂಜೆ ಚೀಟಿಗಳೆಲ್ಲ ನೆಲಮಾಳಿಗೆಗೆ ಇಳಿಯುತ್ತವೆ. ಕಡತದಮ್ಮ ಮುದ್ರೆಯ ತಾರೀಖು ನೋಡಿ ದಿನಕ್ಕೊಂದು ಕಟ್ಟು ಮಾಡಿ, ದಾರ ಸುತ್ತಿ, ತಿಂಗಳಿಗೊಂದು ಅಂಕಣದಲ್ಲಿ ಇಡುತ್ತಾಳೆ. ಆಮೇಲೆ ಮೇಲಿನ ಕಂಪ್ಯೂಟರ್ ಕೋಣೆಯವರು ಕಟ್ಟು ತರಿಸಿಕೊಂಡು, ಇಂಥವನ ಚೀಟಿ ಮುಗಿಯಿತು ಎಂದು ಲೈಸೆನ್ಸ್ ಕಚೇರಿಗೆ ತಿಳಿಸುತ್ತಾರೆ. ಚೀಟಿಯೊಳಗೆ ಏನು ಬರೆದಿದೆ ಎಂದು ಓದುವ ಗೋಜಿಗೆ ಕಡತದಮ್ಮ ಹೋಗುತ್ತಿರಲಿಲ್ಲ. ಮುದ್ರೆ ನೋಡು, ಕಟ್ಟು, ಗಂಟು ಹಾಕು. ಕೆಲಸಕ್ಕೆ ಸೇರಿದ ದಿನ ಹಳೆಯ ಹೆಡ್ ಕ್ಲರ್ಕ್ ಹೇಳಿಕೊಟ್ಟದ್ದು ಇಷ್ಟೇ.

ಆಕೆಯ ಮೇಜಿನ ಮೇಲೆ ಕಂದು ರಟ್ಟಿನ ಒಂದು ಉದ್ದನೆಯ ಪುಸ್ತಕವಿತ್ತು. ಯಾರಾದರೂ ಹಳೆಯ ಚೀಟಿ ಕೇಳಿಕೊಂಡು ಬಂದು, ಅದು ಸಿಗದೆ ಹೋದರೆ, ಆ ಪುಸ್ತಕದಲ್ಲಿ ಬರೆದು ‘ಹುಡುಕಲಾಯಿತು, ಸಿಕ್ಕಿಲ್ಲ’ ಎಂದು ಸಹಿ ಮಾಡಬೇಕು. ಬೇರೆ ಕೋರ್ಟುಗಳಲ್ಲಿ ಅಂಥ ಪುಸ್ತಕ ವರ್ಷಕ್ಕೊಂದು ತುಂಬುತ್ತಿತ್ತು. ಕಡತದಮ್ಮನ ಪುಸ್ತಕದಲ್ಲಿ ಇಪ್ಪತ್ತಾರು ವರ್ಷಕ್ಕೆ ಮೂವತ್ತೊಂದೇ ನಮೂದು! ಯಾಕೆಂದರೆ ಆಕೆ ಮೂರು ಸಲ ಹುಡುಕದೆ ಇಲ್ಲ ಎನ್ನುವವಳಲ್ಲ. ಮೊದಲನೆಯ ಸಲ ಹೇಳಿದ ತಾರೀಖಿನ ಕಟ್ಟಿನಲ್ಲಿ. ಎರಡನೆಯ ಸಲ ಹಿಂದಿನ ಮುಂದಿನ ಒಂದೊಂದು ವಾರದಲ್ಲಿ. ಮೂರನೆಯ ಸಲ ಇಡೀ ವರ್ಷದ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ. ಈ ಮೂರನೆಯ ಸಲಕ್ಕೆ ಎರಡು ದಿನ ಹಿಡಿಯುತ್ತದೆ, ಮೂಗಿನ ತುಂಬ ಧೂಳು ಕೂರುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ಆದರೂ ಬಿಡುತ್ತಿರಲಿಲ್ಲ. ಕಡತದಮ್ಮ ಇಲ್ಲ ಅಂದರೆ ಇಲ್ಲ ಎಂದು ವಕೀಲರೂ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದರು.

ಆ ಮೂವತ್ತೊಂದರಲ್ಲಿ ಇಪ್ಪತ್ತನೆಯ ನಮೂದು ಆಕೆಯ ಸ್ವಂತ ಭಾವನದು, ಅಕ್ಕನ ಗಂಡನದು.

ಹತ್ತು ವರ್ಷದ ಹಿಂದಿನ ಮಾತು. ಭಾವ ಟ್ಯಾಕ್ಸಿ ಓಡಿಸುತ್ತಿದ್ದರು, ಇಪ್ಪತ್ತೆಂಟು ವರ್ಷದಿಂದ. ಒಂದು ದಿನ ದೀಪ ಕೆಂಪಾಗುವ ಹೊತ್ತಿಗೆ ಚೌಕ ದಾಟಿದ್ದಕ್ಕೆ ಚೀಟಿ ಬಿತ್ತು. ಕೋರ್ಟಿಗೆ ಹೋಗಿ ದಂಡ ಕಟ್ಟಿ ಬಂದೆ ಎಂದರು. ಎರಡು ತಿಂಗಳಾದ ಮೇಲೆ ಟ್ಯಾಕ್ಸಿಯ ಲೈಸೆನ್ಸ್ ಹೊಸದು ಮಾಡಿಸಲು ಹೋದರೆ, ನೀನು ಕೋರ್ಟಿಗೆ ಹಾಜರಾಗಿಯೇ ಇಲ್ಲ ಎಂಬ ಉತ್ತರ ಬಂತು. ರಶೀದಿ ಎಲ್ಲಿ ಎಂದರೆ, ಅವತ್ತು ಕೋರ್ಟಿನಲ್ಲಿ ನೀರಿನ ಪೈಪು ಒಡೆದಿತ್ತು, ರಶೀದಿ ನೆಂದು ಜೇಬಿನಲ್ಲೇ ಮುದ್ದೆಯಾಯಿತು ಎಂದರು. ಗುಮಾಸ್ತ ಹಸಿರು ಶಾಯಿಯಲ್ಲಿ ರುಜು ಹಾಕಿದ, ಗಂಟೆ ಹನ್ನೊಂದೂಕಾಲು, ನನ್ನ ಕಣ್ಣೆದುರೇ ಹಾಕಿದ, ಹೋಗಿ ನೋಡು ಎಂದು ನಾದಿನಿಯ ದುಂಬಾಲು ಬಿದ್ದರು.

ಪೈಪು ಒಡೆದದ್ದು ನಿಜವೇ. ಕಡತದಮ್ಮ ಅವತ್ತಿಡೀ ಮೊಣಕಾಲುದ್ದ ನೀರಿನಲ್ಲಿ ನಿಂತು ಕೆಳಗಿನ ಕಟ್ಟುಗಳನ್ನು ಮೇಲಕ್ಕೆ ಏರಿಸಿದ್ದಳು. ಆದರೆ ಹಸಿರು ಶಾಯಿ? ಆ ಕೋರ್ಟಿನಲ್ಲಿ ನೀಲಿ ಇಲ್ಲವೇ ಕಪ್ಪು ಬಿಟ್ಟು ಬೇರೆ ಶಾಯಿಯನ್ನು ಗುಮಾಸ್ತರು ಮುಟ್ಟುವ ಹಾಗೇ ಇರಲಿಲ್ಲ. ಆಕೆ ಆ ದಿನದ, ಅಂದರೆ ಜೂನ್ ಹನ್ನೊಂದರ ಕಟ್ಟು ಬಿಚ್ಚಿದಳು. ಒಳಗಿದ್ದದ್ದು ಏಳೇ ಚೀಟಿ, ಎಲ್ಲಕ್ಕೂ ನೀಲಿ ರುಜು. ನೀರು ನುಗ್ಗಿದ ದಿನ, ಜನ ಬಂದಿರಲಿಕ್ಕಿಲ್ಲ, ಏಳೇ ಇರುವುದು ಸಹಜ ಅಂದುಕೊಂಡಳು. ಕಟ್ಟು ಮತ್ತೆ ಕಟ್ಟಿ, ಪುಸ್ತಕದಲ್ಲಿ ಸಿಕ್ಕಿಲ್ಲ ಎಂದು ಬರೆದಳು.

ಎರಡನೆಯ ಸಲ ಹುಡುಕಲಿಲ್ಲ. ಮೂರನೆಯ ಸಲದ ಮಾತು ದೂರವೇ ಉಳಿಯಿತು. ಬೇರೆ ಯಾರಾದರೂ ಆಗಿದ್ದರೆ ಹುಡುಕುತ್ತಿದ್ದಳು. ಆದರೆ ಅವತ್ತು ಮೇಲಿನವರೆಲ್ಲ ನೋಡುತ್ತಿದ್ದರು. ಸ್ವಂತ ಭಾವನಿಗಾಗಿ ಎರಡು ದಿನ ಕೆಲಸ ಬಿಟ್ಟು ಹುಡುಕಿದಳು, ಇಲ್ಲದ್ದನ್ನು ಹುಟ್ಟಿಸಿದಳು ಎಂದು ಯಾರಾದರೂ ಎತ್ತಿ ಆಡಿಯಾರು ಎಂಬ ಹೆದರಿಕೆ. ನಮ್ಮವರು ಬೇರೆಯವರು ಎಂದು ನೋಡದ ನೆಟ್ಟಗಿನ ಹೆಂಗಸು ಎನ್ನಿಸಿಕೊಳ್ಳುವ ಆಸೆ. ಎಂಥಾ ನೆಟ್ಟಗೆ ನೋಡಿ! ಊರಿಗೆಲ್ಲ ಸಿಗುವ ಮೂರು ಸಲ ಮನೆಯವನಿಗೆ ಒಂದೇ ಸಲವಾಯಿತು.

ಇನ್ನೊಮ್ಮೆ ದಂಡ ಕಟ್ಟಿ, ಹಾಜರಾಗದ್ದು ನನ್ನ ತಪ್ಪು ಎಂದು ಬರೆದುಕೊಟ್ಟರೆ ಆರು ತಿಂಗಳಲ್ಲಿ ಲೈಸೆನ್ಸ್ ಸಿಗುತ್ತಿತ್ತು. ಭಾವ ಒಪ್ಪಲಿಲ್ಲ. ಸುಳ್ಳು ನಾನ್ಯಾಕೆ ಬರೆದುಕೊಡಲಿ ಎಂದು ಹಟ ಹಿಡಿದರು. ಟ್ಯಾಕ್ಸಿ ಹೋಯಿತು. ಆಸ್ಪತ್ರೆಯೊಂದರ ವಾಹನ ನಿಲ್ಲಿಸುವ ಅಂಗಳದಲ್ಲಿ ಚೀಟಿ ಹರಿದು ಕೊಡುವ ಕೆಲಸ ಹಿಡಿದರು. ಅಕ್ಕನಿಗೆ ನಾಚಿಕೆ. ಆ ದಂಡದ ದುಡ್ಡು ಎಲ್ಲಿ ಹೋಯಿತೋ, ಇವರು ಕೋರ್ಟಿನ ಕಡೆ ತಲೆಯೇ ಹಾಕಿಲ್ಲ, ನನ್ನ ತಂಗಿಯೇ ಪುಸ್ತಕದಲ್ಲಿ ಬರೆದಿದ್ದಾಳಲ್ಲ ಎನ್ನುತ್ತಿದ್ದಳು. ಮನೆಯಲ್ಲಿ ನಾಲ್ಕು ಜನ ಸೇರಿದಾಗ ಯಾರಾದರೂ ನಂಬಲಾಗದ ಮಾತು ಆಡಿದರೆ ಮಕ್ಕಳು, ಇದು ಹಸಿರು ಶಾಯಿ ಎಂದು ನಗುತ್ತಿದ್ದರು. ಬರಬರುತ್ತಾ ಅದೇ ಭಾವನ ಅಡ್ಡಹೆಸರಾಯಿತು. ಮೊದಲೆರಡು ವರ್ಷ ಅವರು ಜಗಳಕ್ಕೆ ನಿಲ್ಲುತ್ತಿದ್ದರು. ಆಮೇಲೆ ಊಟ ಮುಗಿಸಿ ಎದ್ದು ಹೋಗುತ್ತಿದ್ದರು.

ಕಡತದಮ್ಮನ ನಿವೃತ್ತಿಗೆ ಏಳು ತಿಂಗಳಿರುವಾಗ, ಒಂದು ಮಂಗಳವಾರ, ಶಾಲೆಯ ವ್ಯಾನಿನ ಚಾಲಕನೊಬ್ಬ ನೆಲಮಾಳಿಗೆಗೆ ಇಳಿದು ಬಂದ. ನಲವತ್ತು ದಾಟಿದ ಆಳು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಚೀಲದ ತುಂಬ ಕಾಗದ. ಅವನ ಲೈಸೆನ್ಸ್ ಹತ್ತು ವರ್ಷಕ್ಕೊಮ್ಮೆ ಹೊಸದಾಗುವಂಥದ್ದು. ಈಗ ಹೋದರೆ ಹತ್ತು ವರ್ಷದ ಹಿಂದಿನ ಚೀಟಿಯೊಂದು ಬಾಕಿ ಇದೆ, ನೀನು ಕೋರ್ಟಿಗೆ ಹಾಜರಾಗಿಲ್ಲ ಎಂದರಂತೆ. ಚೀಟಿ ಬಿದ್ದದ್ದು ಎರಡು ಕೋರ್ಟುಗಳ ಗಡಿಯ ರಸ್ತೆಯಲ್ಲಿ. ಲೈಸೆನ್ಸ್ ಕಚೇರಿಯವರ ಮಾತು ಕೇಳಿ ಮೊದಲು ಹೋದ ಇನ್ನೊಂದು ಕೋರ್ಟಿನವರು ರಸ್ತೆಯ ಆ ಬದಿ ನಮ್ಮದಲ್ಲ ಎಂದು ಕೈತೊಳೆದುಕೊಂಡು ಇಲ್ಲಿಗೆ ಅಟ್ಟಿದ್ದರು. ಶುಕ್ರವಾರ ಸಂಜೆಯೊಳಗೆ ಕಾಗದ ತೋರಿಸದಿದ್ದರೆ ಶಾಲೆಯವರು ವ್ಯಾನನ್ನು ಬೇರೆಯವನಿಗೆ ಕೊಡುತ್ತಾರೆ. ಇನ್ನೊಮ್ಮೆ ದಂಡ ಕಟ್ಟಿಬಿಡಬಹುದಲ್ಲ ಎಂದು ಕೇಳಿದಳು. ಕಟ್ಟಬಹುದು, ಆದರೆ ಕೋರ್ಟಿಗೆ ತಪ್ಪಿಸಿಕೊಂಡವನ ಕೈಗೆ ಮಕ್ಕಳ ವ್ಯಾನು ಯಾರು ಕೊಡುತ್ತಾರೆ ಎಂದ. ಅದೂ ಸರಿಯೇ.

ಯಾವತ್ತು ದಂಡ ಕಟ್ಟಿದಿರಿ ಎಂದು ಕೇಳಿದಳು. ಚೀಟಿಯಲ್ಲಿ ಜೂನ್ ಹನ್ನೊಂದಕ್ಕೆ ಬರಲು ಹೇಳಿತ್ತು, ಅವತ್ತೇ ಬಂದಿದ್ದೆ ಎಂದ. ಆ ತಾರೀಖು ಕೇಳಿದ ಕೂಡಲೇ ಕಡತದಮ್ಮನಿಗೆ ಭಾವನ ಗಂಟುಮೋರೆ ನೆನಪಾಯಿತು. ಅವತ್ತಿನ ಕಟ್ಟು ತೆಗೆದಳು. ಅದೇ ಏಳು ಚೀಟಿ. ಇವನದಿಲ್ಲ.

“ಅವತ್ತು ನೀರು ನುಗ್ಗಿತ್ತು. ಯಾರೂ ಬಂದಿರಲಿಲ್ಲ ಇಲ್ಲಿಗೆ,” ಎಂದಳು.

“ಏನಮ್ಮಾ ಹೀಗಂತೀರಾ? ಜನ ಅಂದ್ರೆ ಜನ. ಕೌಂಟರ್ ಒಳಗೆಲ್ಲ ನೀರು ಅಂತ ಗುಮಾಸ್ತರು ಮೆಟ್ಟಿಲ ಮೇಲೆ ಮೇಜು ಹಾಕ್ಕೊಂಡು ಕೂತಿದ್ರು. ನನ್ನ ಮುಂದೆ ಇಪ್ಪತ್ತು ಜನ, ಹಿಂದೆ ಇಪ್ಪತ್ತು ಜನ. ಬೇಕಾದ್ರೆ ಆಣೆ ಮಾಡ್ತೀನಿ.”

ಕಡತದಮ್ಮ ಕಟ್ಟಿಗೆ ಗಂಟು ಹಾಕುವುದನ್ನು ನಿಲ್ಲಿಸಿದಳು. ಆಕೆ ಆ ದಿನ ಇಡೀ ಕೆಳಗೇ ಇದ್ದಳು, ಮೇಲೆ ಏನಾಯಿತೆಂದು ನೋಡಿದವಳಲ್ಲ. ಏಳೇ ಜನ ಬಂದದ್ದೆಂದು ಹತ್ತು ವರ್ಷ ನಂಬಿಕೊಂಡು ಬಂದಿದ್ದಳು. ಮೆಟ್ಟಿಲ ಮೇಲೆ ನಲವತ್ತು ಜನ ನಿಂತಿದ್ದರೆ ಆ ನಲವತ್ತು ಚೀಟಿಗಳು ಎಲ್ಲಿ? ಅವನನ್ನು ಗುರುವಾರ ಬಾ ಎಂದು ಕಳಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಏಣಿ ಹತ್ತಿದಳು.

ಹಿಂದಿನ ಮುಂದಿನ ವಾರಗಳಲ್ಲಿ ಏನೂ ಇರಲಿಲ್ಲ. ಬುಧವಾರ ಬೆಳಿಗ್ಗೆ ಆ ವರ್ಷದ ಜನವರಿಯಿಂದ ಹಿಡಿದಳು. ಒಂದೊಂದು ಕಟ್ಟು ಬಿಚ್ಚುವುದು, ಚೀಟಿ ಒಂದೊಂದೇ ತಿರುವುವುದು, ಮತ್ತೆ ಕಟ್ಟುವುದು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಕಚೇರಿಯ ಹೊತ್ತೂ ಮುಗಿಯಿತು. ಆ ಸಂಜೆ ಗಂಡ ಏನಾಯಿತೆಂದು ಎರಡು ಸಲ ಕೇಳಿದ. ತಲೆನೋವು ಎಂದಳು. ಭಾವನ ವಿಷಯ ಎಂದು ಬಾಯಿ ಬಿಡಲಿಲ್ಲ. ಸಿಗಲಿ ಎಂದೂ ಅನ್ನಿಸುತ್ತಿತ್ತು, ಸಿಗದೆ ಇದ್ದರೆ ಸಾಕು ಎಂದೂ ಅನ್ನಿಸುತ್ತಿತ್ತು. ಸಿಕ್ಕರೆ ಯಾವ ಮುಖ ಹೊತ್ತು ಅವರೆದುರು ನಿಲ್ಲುವುದು?

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮೇ ಹನ್ನೊಂದರ ಕಟ್ಟು ಕೈಗೆ ಬಂತು. ಪಕ್ಕದ ಕಟ್ಟುಗಳಿಗಿಂತ ಎರಡರಷ್ಟು ದಪ್ಪ. ಮೇಲಿನ ಮೂವತ್ತೆಂಟು ಚೀಟಿಗೂ ನೀಲಿ ರುಜು. ಮೂವತ್ತೊಂಬತ್ತನೆಯದನ್ನು ಮಗುಚಿದಾಗ ಹಸಿರು ಕಂಡಿತು.

ಕಡತದಮ್ಮ ಅಲ್ಲೇ ಏಣಿಯ ಬುಡದಲ್ಲಿ ಕೂತುಬಿಟ್ಟಳು. ಅಲ್ಲಿಂದ ಮುಂದಕ್ಕೆ ನಲವತ್ತೊಂದು ಚೀಟಿ, ಎಲ್ಲವೂ ಹಸಿರೇ. ನೀರಿನ ಕಲೆ, ಅಂಚು ಸುಕ್ಕಾದ ಕಾಗದ, ಅದರ ಮೇಲೆ ಯಾರದೋ ಜೇಬಿನಿಂದ ಇಸಿದುಕೊಂಡ ಪೆನ್ನಿನಲ್ಲಿ ಗುಮಾಸ್ತ ಅವಸರದಲ್ಲಿ ಗೀಚಿದ ರುಜು, ಪಕ್ಕದಲ್ಲಿ ಗಂಟೆ. ವ್ಯಾನ್ ಚಾಲಕನ ಚೀಟಿ ಇತ್ತು. ಅದಕ್ಕೂ ಆರು ಚೀಟಿ ಮೊದಲು ಭಾವನ ಚೀಟಿ ಇತ್ತು. ಹನ್ನೊಂದೂಕಾಲು.

ಆದದ್ದಿಷ್ಟೇ. ಮೊದಲ ಏಳು ಚೀಟಿ ಮುಗಿಯುವ ಹೊತ್ತಿಗೆ ಪೈಪು ಒಡೆದು, ತಾರೀಖಿನ ಮುದ್ರೆ ಡ್ರಾಯರಿನ ನೀರಿನಲ್ಲಿ ಮುಳುಗಿತ್ತು. ಗುಮಾಸ್ತ ಬೀರುವಿನಿಂದ ಇನ್ನೊಂದು ಮುದ್ರೆ ತಂದ. ಅದರ ದಿನದ ಗಾಲಿ ತಿರುಗಿಸಿ ಹನ್ನೊಂದು ಮಾಡಿದ, ತಿಂಗಳ ಗಾಲಿ ಮೇ ತಿಂಗಳಲ್ಲೇ ಕೂತಿದ್ದದ್ದನ್ನು ನೋಡಲಿಲ್ಲ. ಮುಂದಿನ ಬದಿಯಲ್ಲಿ ಪೊಲೀಸರು ಮೇ ಇಪ್ಪತ್ತೇಳರಂದು ಬರೆದ ಚೀಟಿ, ಹಿಂಬದಿಯಲ್ಲಿ ಮೇ ಹನ್ನೊಂದಕ್ಕೇ ಮುಗಿದ ಮುದ್ರೆ. ಮಗು ಹುಟ್ಟುವ ಮೊದಲೇ ಶಾಲೆಗೆ ಸೇರಿಸಿದ ಹಾಗೆ. ಕಂಪ್ಯೂಟರು ಇದನ್ನು ನುಂಗಲಿಲ್ಲ, ಅಲ್ಲಿ ಕೂತವರು ಆಮೇಲೆ ನೋಡೋಣ ಎಂದು ಚೀಟಿಗಳನ್ನು ಹಾಗೇ ಕೆಳಗೆ ವಾಪಸ್ಸು ಕಳಿಸಿ ಮರೆತರು. ಕಡತದಮ್ಮನಾದರೋ ಶಾಯಿಯ ಬಣ್ಣ ಗಮನಿಸದೆ ಮುದ್ರೆಯೊಂದನ್ನೇ ನೋಡಿ, ಹಳೆಯ ಕಟ್ಟು ಬಿಚ್ಚಿ ಇವನ್ನೂ ಸೇರಿಸಿ, ಗಂಟು ಹಾಕಿದಳು. ಎರಡು ಸುತ್ತು ಸುತ್ತಿ ಬದಿಯಲ್ಲಿ ಹಾಕುವ ಆ ಗಂಟು ಆಕೆಯದೇ, ಬೇರೆ ಯಾರಿಗೂ ಬರುತ್ತಿರಲಿಲ್ಲ. ನಲವತ್ತೊಂದು ಜನರಲ್ಲಿ ಉಳಿದವರು ಬೈದುಕೊಂಡು ಇನ್ನೊಮ್ಮೆ ದಂಡ ಕಟ್ಟಿ ಸುಮ್ಮನಾಗಿರಬೇಕು, ಇಲ್ಲವೇ ಇನ್ನೂ ಲೈಸೆನ್ಸ್ ಕಚೇರಿಯ ಮೆಟ್ಟಿಲು ಹತ್ತಿರಲಿಕ್ಕಿಲ್ಲ. ನೆಲಮಾಳಿಗೆಗೆ ಇಳಿದು ಬಂದು ಹುಡುಕು ಎಂದು ಅಂಗಲಾಚಿದವರು ಇಬ್ಬರೇ. ಒಬ್ಬನಿಗೆ ಮೂರು ಸಲ ಹುಡುಕಿದಳು. ಇನ್ನೊಬ್ಬರು ಮನೆಯವರು.

ಆಕೆಗೆ ಅಳು ಬಂತು. ಹತ್ತು ನಿಮಿಷ ಅತ್ತಳು, ಮೂಗು ಒರೆಸಿಕೊಂಡು ಎದ್ದಳು, ಕಟ್ಟನ್ನು ಎದೆಗವಚಿಕೊಂಡು ಮೇಲಿನ ಹೆಡ್ ಕ್ಲರ್ಕ್ ಮುಂದೆ ಇಟ್ಟಳು. ಹೆಡ್ ಕ್ಲರ್ಕ್ ಒಳ್ಳೆಯ ಮನುಷ್ಯ, ಆಕೆಗಿಂತ ಹದಿನೈದು ವರ್ಷ ಚಿಕ್ಕವನು. ಎಲ್ಲ ಕೇಳಿ ಬಾಗಿಲು ಮುಂದೆ ಮಾಡಿದ. ವ್ಯಾನಿನವನಿಗೆ ನಕಲು ಕೊಟ್ಟು ಕಳಿಸೋಣ, ಮಿಕ್ಕದ್ದನ್ನು ಎಲ್ಲಿತ್ತೋ ಅಲ್ಲೇ ಇಡಿ, ಏಳು ತಿಂಗಳಲ್ಲಿ ಮನೆಗೆ ಹೋಗುವವರು ಮೈಮೇಲೆ ಯಾಕೆ ಎಳೆದುಕೊಳ್ಳುತ್ತೀರಿ ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಕಡತದಮ್ಮ ಒಂದು ಹಾಳೆ ಕೇಳಿ ತೆಗೆದುಕೊಂಡು, ಅಲ್ಲೇ ನಿಂತು ನ್ಯಾಯಾಧೀಶರಿಗೆ ಬರೆದಳು. ನಲವತ್ತೊಂದು ಚೀಟಿಗಳು ಮುಗಿದಿದ್ದರೂ ಬಾಕಿ ತೋರಿಸುತ್ತಿವೆ, ಮುದ್ರೆ ತಪ್ಪು, ಕಟ್ಟು ಕಟ್ಟಿದ್ದು ನಾನು, ಓದದೆ ಕಟ್ಟಿದೆ. ಕೆಳಗೆ ಇನ್ನೂ ಒಂದು ಸಾಲು ಬರೆದಳು. ಇಪ್ಪತ್ತನೆಯ ನಮೂದಿಗೆ ನಾನು ಒಂದೇ ಸಲ ಹುಡುಕಿದ್ದೆ.

ನ್ಯಾಯಾಧೀಶರು ಓದಿ, ನಲವತ್ತೊಂದನ್ನೂ ಸರಿಪಡಿಸಿ ಎಂದು ಬರೆದರು. ಆಕೆಯ ಸೇವಾ ಪುಸ್ತಕದಲ್ಲಿ ಒಂದು ಎಚ್ಚರಿಕೆ ಕೂತಿತು, ಇಪ್ಪತ್ತಾರು ವರ್ಷಕ್ಕೆ ಮೊದಲನೆಯದು. ವ್ಯಾನ್ ಚಾಲಕ ಶುಕ್ರವಾರ ಮಧ್ಯಾಹ್ನವೇ ನಕಲು ಹಿಡಿದುಕೊಂಡು ಶಾಲೆಗೆ ಓಡಿದ. ಥ್ಯಾಂಕ್ಸ್ ಹೇಳುವುದಕ್ಕೂ ಅವನಿಗೆ ಬಿಡುವಿರಲಿಲ್ಲ, ಆಕೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲೂ ಇಲ್ಲ. ಅವನು ಹೋದ ಮೇಲೆ ಕಂದು ಪುಸ್ತಕ ತೆಗೆದು, ಇಪ್ಪತ್ತನೆಯ ನಮೂದಿನ ‘ಸಿಕ್ಕಿಲ್ಲ’ ಎಂಬುದನ್ನು ಹೊಡೆದು ಹಾಕಿ, ‘ಸಿಕ್ಕಿದೆ’ ಎಂದು ಬರೆದು, ಅವತ್ತಿನ ತಾರೀಖು ಹಾಕಿದಳು.

ಆಮೇಲೆ ಭಾವನ ಚೀಟಿಯ ನಕಲು ಮಾಡಿದಳು. ಜೆರಾಕ್ಸ್ ಯಂತ್ರಕ್ಕೆ ಬಣ್ಣ ಗೊತ್ತಿಲ್ಲ, ಎಲ್ಲವನ್ನೂ ಕಪ್ಪು ಮಾಡಿ ಉಗುಳುತ್ತದೆ. ಅದಕ್ಕೇ ಆ ಕೋರ್ಟಿನಲ್ಲಿ ಒಂದು ಪದ್ಧತಿಯಿತ್ತು. ನಕಲಿನಲ್ಲಿ ಕಾಣದ್ದು ಮೂಲದಲ್ಲಿ ಏನಾದರೂ ಇದ್ದರೆ, ನಕಲು ಮಾಡಿದವರು ಅದನ್ನು ಅಂಚಿನಲ್ಲಿ ಬರೆದು ಸಹಿ ಹಾಕಬೇಕು. ಕಲೆ ಇದೆ, ಹರಿದಿದೆ, ಹೀಗೆ. ಕಡತದಮ್ಮ ಒಂದು ಸಾಲು ಬರೆದು, ಸಹಿ ಹಾಕಿ, ದುಂಡು ಮುದ್ರೆ ಒತ್ತಿದಳು.

ಅಂಚೆಯಲ್ಲಿ ಕಳಿಸಿಬಿಡು, ಅವರು ಏನಾದರೂ ಅಂದರೆ ನಿನ್ನ ಕೈಲಿ ತಡೆಯುವುದಕ್ಕಾಗುವುದಿಲ್ಲ ಎಂದು ಗಂಡ ಹೇಳಿದ. ಆಕೆ ಕೇಳಲಿಲ್ಲ. ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಆಸ್ಪತ್ರೆಗೆ ಹೋದಳು. ವಾಹನಗಳ ಅಂಗಳದ ಬಾಗಿಲಲ್ಲಿ ಒಬ್ಬ ಮನುಷ್ಯ ಕೂರುವಷ್ಟೇ ಜಾಗದ ತಗಡಿನ ಗೂಡು. ಒಳಗೆ ಭಾವ. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಂದ ಗಾಡಿಗೊಂದು ಚೀಟಿ, ಹೋಗುವ ಗಾಡಿಯಿಂದ ಆ ಚೀಟಿ ವಾಪಸ್ಸು. ವಾಪಸ್ಸು ಬಂದ ಚೀಟಿಗಳನ್ನು ಗಂಟೆವಾರು ಬೇರೆ ಬೇರೆ ಕ್ಲಿಪ್ಪಿಗೆ ಸಿಕ್ಕಿಸಿಟ್ಟಿದ್ದರು. ನಾದಿನಿಯನ್ನು ಕಂಡು, ಯಾರಿಗೆ ಹುಷಾರಿಲ್ಲ ಎಂದು ಗಾಬರಿಯಿಂದ ಕೇಳಿದರು.

ಯಾರಿಗೂ ಏನೂ ಆಗಿಲ್ಲ ಎಂದು ಹೇಳಿ, ಕಾಗದ ಕೈಗೆ ಕೊಟ್ಟಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತೇಹೋಗಿತ್ತು.

“ತಪ್ಪಾಯ್ತು ಭಾವ. ಊರಿನವರಿಗೆಲ್ಲ ಮೂರು ಸಲ ಹುಡುಕ್ತೀನಿ. ನಿಮಗೆ ಒಂದೇ ಸಲ ಹುಡುಕಿದ್ದೆ,” ಎಂದಳು.

ಭಾವ ಕನ್ನಡಕ ಒರೆಸಿ ಹಾಕಿಕೊಂಡರು. ಬೆರಳಿಟ್ಟು ಸಾವಕಾಶವಾಗಿ ಓದಿದರು. ತಮ್ಮ ಹೆಸರು, ಟ್ಯಾಕ್ಸಿಯ ನಂಬರು, ಚೌಕದ ಹೆಸರು, ಗಂಟೆ. ರುಜುವಿನ ಹತ್ತಿರ ಬೆರಳು ನಿಂತಿತು.

“ಇದು ಕಪ್ಪಗಿದೆಯಲ್ಲ,” ಎಂದರು.

ಆಕೆ ಅಂಚಿನ ಸಾಲು ತೋರಿಸಿದಳು. ಅವರು ಅದನ್ನು ಬಾಯಿಬಿಟ್ಟೇ ಓದಿದರು. ‘ಮೂಲದಲ್ಲಿ ಗುಮಾಸ್ತರ ರುಜು ಹಸಿರು ಶಾಯಿಯಲ್ಲಿದೆ.’ ಕೆಳಗೆ ನಾದಿನಿಯ ಸಹಿ, ಕೋರ್ಟಿನ ದುಂಡು ಮುದ್ರೆ. ಇನ್ನೊಮ್ಮೆ ಓದಿದರು, ಈ ಸಲ ಬಾಯಿ ಬಿಡದೆ.

ಒಂದು ಕಾರು ಬಂತು. ಭಾವ ಚೀಟಿ ಹರಿದು ಕೊಟ್ಟರು, ಎಡಗಡೆಗೆ ನಿಲ್ಲಿಸಿ ಎಂದು ಕೈ ತೋರಿಸಿದರು. ಕಡತದಮ್ಮ ಬೈಗುಳಕ್ಕೆ ಕಾಯುತ್ತಾ ನಿಂತಿದ್ದಳು. ಬೈದರೆ ತಲೆ ತಗ್ಗಿಸಿ ಕೇಳಿಸಿಕೊಂಡು ಹೋಗುವುದೆಂದು ಮೊದಲೇ ನಿಶ್ಚಯ ಮಾಡಿಕೊಂಡಿದ್ದಳು. ಭಾವ ಕಾಗದವನ್ನು ಬಂದ ಮಡಿಕೆಯಲ್ಲೇ ನೀಟಾಗಿ ಮಡಚಿ, ಆಕೆಯ ಕೈಗೇ ವಾಪಸ್ಸು ಇಟ್ಟರು.

“ಇದನ್ನ ತೊಗೊಂಡು ಹೋಗಿ ನಿಮ್ಮಕ್ಕನಿಗೆ ಕೊಡು,” ಎಂದರು. “ನನಗೆ ಮೊದಲಿಂದಲೂ ಗೊತ್ತಿತ್ತಲ್ಲ.”